ಎಸೆದವನೇ ಎತ್ತಬೇಕು

ನಮ್ಮ ಬಳಗದಲ್ಲಿ ವಿಮಾನ ಹತ್ತಿದ ಮೊದಲಿಗ ನಮ್ಮ ಸಣ್ಣ ಮಾವ. ಹತ್ತಿ, ಸಮುದ್ರ ದಾಟಿ, ದೇಶದೇಶದ ಹುಡುಗರ ಮುಂದೆ ಕಬ್ಬಿಣದ ಗುಂಡು ಎಸೆದು, ಎಸೆದ ಗುಂಡನ್ನು ತಾನೇ ಹೋಗಿ ಎತ್ತಿಕೊಂಡು ಬಂದ! ಅವನ ಅಂತರರಾಷ್ಟ್ರೀಯ ಸಾಧನೆ ಇಷ್ಟೇ. ಇದಕ್ಕೆ ಅಷ್ಟು ದೂರ ಹೋಗಬೇಕಿತ್ತೇ? ಎತ್ತುವುದೇ ಆಗಿದ್ದರೆ ಮನೆ ಹಿಂದೆ ಬೇಕಾದಷ್ಟು ಕಲ್ಲು ಬಿದ್ದಿದ್ದವಲ್ಲ ಎಂದು ನಮ್ಮವ್ವ ಈಗಲೂ ಕೇಳುತ್ತಾಳೆ.

ಎಂಬತ್ತರ ದಶಕದ ಮಾತು. ನಾವು ಕೊಟ್ಟೂರಿನಲ್ಲಿದ್ದೆವು. ಅವ್ವನ ತವರು ಇಟ್ಟಿಗಿ ಹತ್ತಿರದ ಒಂದು ಹಳ್ಳಿ. ಅಲ್ಲಿ ನಮ್ಮಜ್ಜನಿಗೆ ಒಂದಿಷ್ಟು ಹೊಲ, ಒಂದು ಹಿಂಡು ಕುರಿ, ಒಂದು ಗರಡಿಮನೆ ಮತ್ತು ಈ ಸಣ್ಣ ಮಾವ. ಇವುಗಳಲ್ಲಿ ಅಜ್ಜನ ಮಾತು ಕೇಳದೆ ಇದ್ದದ್ದು ಕುರಿ ಮಾತ್ರ.

ಗರಡಿಮನೆಯಲ್ಲಿ ಎತ್ತುವ, ಎಸೆಯುವ ಗುಂಡುಕಲ್ಲುಗಳು ಸಾಲಾಗಿ ಕೂತಿರುತ್ತಿದ್ದವು. ಅಜ್ಜ ಎಂದೋ ಕುಸ್ತಿಯಲ್ಲಿ ಮೊಣಕಾಲು ಕೆಡಿಸಿಕೊಂಡಿದ್ದ. ಬಗ್ಗುವಾಗೆಲ್ಲ ತೊಡೆ ಹಿಡಿದುಕೊಂಡೇ ಬಗ್ಗುತ್ತಿದ್ದ. ಆದರೆ ಅವನ ಕಾನೂನು ಮಾತ್ರ ಎಂದೂ ಬಗ್ಗಲಿಲ್ಲ. ಕೈ ಮುಗಿಯದೆ ಗುಂಡು ಮುಟ್ಟಬಾರದು. ಎಸೆದವನೇ ಹೋಗಿ ಎತ್ತಿ ತಂದು ಅದರ ಜಾಗದಲ್ಲಿ ಇಡಬೇಕು.

"ಮಂದಿ ಕಡಿಂದ ಎತ್ತಿಸಿದ್ರ ಅದು ಎಸೆದಂಗಲ್ಲಲೇ, ಚೆಲ್ಲಿದಂಗ!" ಅನ್ನುತ್ತಿದ್ದ.

ದೊಡ್ಡ ಗುಂಡು ಎತ್ತಿದವನ ಹಣೆಗೆ ಅಜ್ಜ ತನ್ನ ಕೈಯಾರೆ ಮೈಲಾರಲಿಂಗನ ಭಂಡಾರ, ಅಂದರೆ ಅರಿಶಿಣದ ಪುಡಿ, ಹಚ್ಚುತ್ತಿದ್ದ. ಊರಿನ ಎಷ್ಟೋ ಹಣೆಗಳು ಹೀಗೆ ಹಳದಿಯಾದವು. ಸ್ವಂತ ಮಗನ ಹಣೆ ಮಾತ್ರ ಖಾಲಿ! ಮೀಸೆ ಮೂಡುವ ಮೊದಲೇ ಮಾವ ದೊಡ್ಡ ಗುಂಡು ಎತ್ತಿದ. "ಎತ್ತಿದ್ದು ಸರಿ ಐತಿ, ಇಳಿಸಿದ್ದು ಸರಿ ಇಲ್ಲ" ಅಂದ ಅಜ್ಜ. ಮುಂದಿನ ಸಲ ಮಾವ ಕೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ ಇಳಿಸಿದ. "ಇಳಿಸಿದ್ದು ಸರಿ ಐತಿ. ಮಾರಿ ಯಾಕ ಹಂಗ ಮಾಡಿದ್ದಿ?" ಅಂದ ಅಜ್ಜ. ಮಗನಿಗೆ ಹಚ್ಚಿದರೆ ಪಕ್ಷಪಾತ ಅಂದಾರು ಎಂಬ ಭಯ ಅವನಿಗೆ. ಮಾವನಿಗೋ ಅದೊಂದೇ ಆಸೆ. ಬೇರೆ ಹುಡುಗರು ಸೈಕಲ್ಲು, ವಾಚು ಅಂತ ಕನಸು ಕಾಣುವ ವಯಸ್ಸಿನಲ್ಲಿ ಇವನು ಒಂದು ಚಿಟಿಕೆ ಅರಿಶಿಣಕ್ಕೆ ಬಾಯಿ ಬಿಡುತ್ತಿದ್ದ.

ಕೈ ಮುಗಿಯುವ ಚಾಳಿ ಗರಡಿಮನೆಯಲ್ಲೇ ನಿಂತಿದ್ದರೆ ಯಾರದೂ ತಕರಾರಿರಲಿಲ್ಲ. ಭಾರದ ವಸ್ತು ಯಾವುದೇ ಇರಲಿ, ಮಾವ ಕೈ ಮುಗಿಯದೆ ಮುಟ್ಟುತ್ತಿರಲಿಲ್ಲ. ನಮ್ಮ ಚಿಕ್ಕಮ್ಮನ ಮದುವೆಯಲ್ಲಿ ಜೋಳದ ಚೀಲ ಎತ್ತಲು ಕರೆದರೆ, ಒಂದೊಂದು ಚೀಲಕ್ಕೂ ಕಣ್ಣು ಮುಚ್ಚಿ ನಮಸ್ಕಾರ! ಬೀಗರ ಕಡೆಯ ಮುದುಕಿಯೊಬ್ಬಳು ಇದೇನೋ ಈ ಮನೆಯ ದೇವರಿರಬೇಕೆಂದು ಚೀಲಕ್ಕೆ ಕುಂಕುಮ ಹಚ್ಚಿ ಹೋದಳು. ಆ ಚೀಲ ಒಡೆಯಲು ಅಡುಗೆಯವರು ಸಂಜೆಯವರೆಗೂ ಒಪ್ಪಲಿಲ್ಲ.

ಇಂಥವನು ಹೈಸ್ಕೂಲಿನ ಡ್ರಿಲ್ ಮೇಷ್ಟ್ರ ಕಣ್ಣಿಗೆ ಬಿದ್ದ. ಅವರು ಶಾಲೆಯ ಕಬ್ಬಿಣದ ಗುಂಡು ಕೈಗೆ ಕೊಟ್ಟದ್ದೇ ತಡ, ಮಾವ ಅದನ್ನು ಬಿಟ್ಟು ಇರಲಾರ. ರಜೆಯಲ್ಲಿ ನಮ್ಮ ಮನೆಗೆ ಬರುವಾಗಲೂ ಕೈಚೀಲದಲ್ಲಿ ಗುಂಡು! ಒಮ್ಮೆ ಹಗರಿಬೊಮ್ಮನಹಳ್ಳಿ ದಾಟಿದ ಮೇಲೆ ಡ್ರೈವರ್ ಬ್ರೇಕ್ ಹಾಕಿದ್ದಕ್ಕೆ ಗುಂಡು ಚೀಲದಿಂದ ಜಾರಿ ಬಸ್ಸಿನ ನಡುವೆ ಗಡಗಡ ಉರುಳಿತು. ಜನ ಕಾಲು ಮೇಲೆತ್ತಿ ಸೀಟಿನ ಮೇಲೆ ಕೂತರು. ಕಂಡಕ್ಟರ್ ಎತ್ತಲು ಬಗ್ಗಿದ್ದೇ ತಡ, ಹಿಂದಿನ ಸೀಟಿನಿಂದ ಮಾವ ಚೀರಿದ:

"ಮುಟ್ಟಬ್ಯಾಡ್ರೀ! ನಾನಾ ಎತ್ತಬೇಕು!"

ಬಾಂಬು ಅಂದುಕೊಳ್ಳಲು ಇನ್ನೇನು ಬೇಕು? ಡ್ರೈವರೂ ಸೇರಿ ಎಲ್ಲರೂ ಇಳಿದು ಜಾಲಿಗಿಡಗಳ ಹಿಂದೆ ಅಡಗಿದರು. ಖಾಲಿ ಬಸ್ಸಿನಲ್ಲಿ ಮಾವ ಒಬ್ಬನೇ ಗುಂಡಿಗೆ ಕೈ ಮುಗಿಯುತ್ತ ನಿಂತಿದ್ದನಂತೆ.

ನಿಜವಾದ ತೊಂದರೆ ಶುರುವಾದದ್ದು ಆಟದ ನಿಯಮದಿಂದ. ವೃತ್ತದೊಳಗೆ ನಿಂತು ಗುಂಡು ಎಸೆಯಬೇಕು; ಎಸೆದ ಮೇಲೆ ವೃತ್ತದ ಹಿಂಭಾಗದಿಂದಲೇ ಹೊರಗೆ ಬರಬೇಕು. ಮುಂದಿನಿಂದ ಇಳಿದರೆ ಎಸೆತ ಲೆಕ್ಕಕ್ಕಿಲ್ಲ. ಮಾವನೋ, ಎಸೆದ ಮರುಕ್ಷಣ ಗುಂಡಿನ ಬೆನ್ನು ಹತ್ತಿ ನೆಟ್ಟಗೆ ನಡೆದುಬಿಡುತ್ತಿದ್ದ.

"ಲೇ, ಹಿಂದ ಬಾರಲೇ!"

"ಗುಂಡು ಮುಂದ ಐತ್ರಿ ಸರ್!"

ಮೇಷ್ಟ್ರು ಅವನ ಸೊಂಟಕ್ಕೆ ಎತ್ತಿನ ಹಗ್ಗ ಕಟ್ಟಿ ಹಿಂದಿನಿಂದ ಹಿಡಿದು ನೋಡಿದರು. ಮಾವ ಮೇಷ್ಟ್ರನ್ನೂ ಎಳೆದುಕೊಂಡೇ ಹೋದ. ಕೊನೆಗೆ ಉಪಾಯ ಕಂಡದ್ದು ನಮ್ಮಜ್ಜಿಗೆ. ಅವಳು ಶೇಂಗಾ ಹೋಳಿಗೆ ಮಾಡಿಕೊಟ್ಟಳು. ಮೇಷ್ಟ್ರು ವೃತ್ತದ ಹಿಂದೆ ಹೋಳಿಗೆ ಹಿಡಿದು ನಿಂತರು. ಮಾವ ಎಸೆದು, ಹಿಂದಿನಿಂದ ಇಳಿದು, ಹೋಳಿಗೆ ಬಾಯಿಗೆ ತುರುಕಿಕೊಂಡು, ಮೈದಾನ ಸುತ್ತಿ ಓಡಿ ಗುಂಡು ಎತ್ತಿ ತರತೊಡಗಿದ. ಆಟದ ನಿಯಮವೂ ಉಳಿಯಿತು, ಗರಡಿಯ ನಿಯಮವೂ ಉಳಿಯಿತು! ಜಿಲ್ಲೆ ಗೆದ್ದ, ರಾಜ್ಯ ಗೆದ್ದ, ಎಲ್ಲ ಹೋಳಿಗೆಯ ಬಲದಿಂದಲೇ. ಅಂಪೈರುಗಳು ನಕ್ಕು ಸುಮ್ಮನಾಗುತ್ತಿದ್ದರು. ಹಾಗೇ ಮೇಲಕ್ಕೇರುತ್ತ ಹೋಗಿ ಒಂದು ದಿನ ಪರದೇಶದಲ್ಲಿ ನಡೆಯುವ ಜೂನಿಯರ್ ಹುಡುಗರ ಕೂಟಕ್ಕೂ ಆಯ್ಕೆಯಾಗಿಬಿಟ್ಟ.

ಹೊರಡುವ ದಿನ ಅಜ್ಜಿ ಡಬ್ಬಿ ತುಂಬ ಹೋಳಿಗೆ ತುಂಬಿದಳು. "ಒಂದು ಸಲ ಒಗದ್ರ ಒಂದು ತಿನ್ನು ಯಪ್ಪಾ. ಮದ್ಲಾ ತಿಂದು ಖಾಲಿ ಮಾಡಬ್ಯಾಡ" ಅಂದಳು. ಮಾವ ಅಜ್ಜನ ಕಾಲಿಗೆ ಬಿದ್ದು ಎದ್ದ.

"ಮೆಡಲ್ ತಂದ್ರ ಭಂಡಾರ ಹಚ್ಚತಿ ಏನ್ ಯಪ್ಪಾ?"

"ಮದ್ಲ ಹೋಗಿ ಬಾ. ನೋಡೋಣು."

ಅಲ್ಲಿ ಏನಾಯಿತೆಂದು ನಮಗೆ ತಿಳಿದದ್ದು ಮೇಷ್ಟ್ರ ಬಾಯಿಂದ. ಅವರಿಗೆ ತಂಡದ ಮ್ಯಾನೇಜರ್ ಹೇಳಿದ್ದರು. ಮೊದಲ ಸಂಜೆಯೇ ಮಾವ ಡಬ್ಬಿ ಬಿಚ್ಚಿ ಪರದೇಶದ ಹುಡುಗರಿಗೆಲ್ಲ ಕೈಸನ್ನೆಯಲ್ಲೇ ಹೋಳಿಗೆ ಹಂಚಿದನಂತೆ. ಆಮೇಲೆ ಚಿನ್ನ ಗೆದ್ದವನು ಎರಡು ತಿಂದಿದ್ದನಂತೆ! "ನಮ್ಮ ಹೋಳಿಗಿ ತಿಂದು ನಮಗಾ ಸೋಲಿಸ್ಯಾನ್ರಿ!" ಎಂದು ಮೇಷ್ಟ್ರು ಹಣೆ ಚಚ್ಚಿಕೊಂಡರು. ಹೋಳಿಗೆ ಇಲ್ಲದಿದ್ದರೂ ಮೊದಲಿನ ಎಸೆತಗಳಲ್ಲೆಲ್ಲ ಮಾವ ಹಿಂದಿನಿಂದಲೇ ಇಳಿದ. ಕೊನೆಯ ಎಸೆತಕ್ಕೆ ಮುಂಚೆ ನಾಲ್ಕನೆಯವನಾಗಿದ್ದ. ಆ ಕೊನೆಯ ಗುಂಡು ಮೂರನೆಯವನ ಗುರುತನ್ನು ದಾಟಿ ಬಿತ್ತು. ನಮ್ಮವರೆಲ್ಲ ಕುಣಿದರು. ಕಂಚು ಬಂದೇಬಿಟ್ಟಿತ್ತು! ಆಗ ಮಾವ ವೃತ್ತದ ಮುಂದಿನಿಂದ ಇಳಿದು, ನೆಟ್ಟಗೆ ನಡೆದುಹೋಗಿ, ಗುಂಡಿಗೆ ಕೈ ಮುಗಿದು, ಹೆಗಲ ಮೇಲಿಟ್ಟುಕೊಂಡು ವಾಪಸು ಬಂದ. ಕೆಂಪು ಬಾವುಟ ಎದ್ದಿತು; ಎಸೆತ ಲೆಕ್ಕಕ್ಕೆ ಬರಲಿಲ್ಲ.

ಅವನು ಹಡಗಲಿ ಬಸ್ಸಿನಿಂದಿಳಿದು ಊರಿಗೆ ಬಂದ ದಿನ ಕಟ್ಟೆಯ ಮೇಲೆ ಜಾಗವಿರಲಿಲ್ಲ. ನಾನೂ ಅವ್ವನೂ ಕೊಟ್ಟೂರಿನಿಂದ ಬಂದಿದ್ದೆವು. "ಎರಡು ಡಬ್ಬಿ ಕಳಿಸಬೇಕಿತ್ತು" ಎಂದು ಅಜ್ಜಿ ಅತ್ತಳು. ಹೋಳಿಗೆ ಮುಗಿದದ್ದಕ್ಕೇ ದೇಶಕ್ಕೆ ಮೆಡಲ್ ತಪ್ಪಿತೆಂದು ಊರೇ ತೀರ್ಮಾನಿಸಿತ್ತು. ಮಾವನೂ ನಗುತ್ತ, "ಹೌದ್ರಿ, ಹಿಂದಿಂದ ಇಳಿಯೋದು ಮರ್ತೆ ನೋಡ್ರಿ" ಅಂದ. ಆದರೆ ಅವನ ಕಣ್ಣು ಜನರ ನಡುವೆ ಅಜ್ಜನನ್ನು ಹುಡುಕುತ್ತಿತ್ತು. ಅಜ್ಜ ಬಂದಿರಲಿಲ್ಲ.

ಅಜ್ಜ ಗರಡಿಯಲ್ಲಿ ಮಣ್ಣು ಹದ ಮಾಡುತ್ತಿದ್ದ. ಮಾವ ಒಳಗೆ ಹೋದ. ನಾವು ಬಾಗಿಲಲ್ಲೇ ನಿಂತೆವು.

"ಮೆಡಲ್ ತಪ್ಪಿತು ಯಪ್ಪಾ."

"ಕೇಳೇನಿ. ಮರ್ತಿ ಅಂತಲ್ಲ?"

ಮಾವ ಕೈಚೀಲ ಕೆಳಗಿಟ್ಟ. ಆಮೇಲೆ, "ಮರ್ತಿದ್ದಿಲ್ಲ" ಅಂದ.

ಅಜ್ಜ ತಲೆ ಎತ್ತಿದ.

"ಗುಂಡು ಎತ್ತಿ ಕೊಡಾಕ ಅಲ್ಲೊಬ್ಬ ಮುದುಕ ಇದ್ದ. ನಿನ್ನ ವಯಸ್ಸಿನಾವ. ಬಗ್ಗುವಾಗ ನಿನ್ನಂಗ ತೊಡಿ ಹಿಡ್ಕೊಂತಿದ್ದ. ನಾ ಹಿಂದಿಂದ ಸುತ್ತಿ ಹೋಗೋದ್ರಾಗ ಪ್ರತಿ ಸಲಾನೂ ಅವಾ ಎತ್ತಿಬಿಡತಿದ್ದ. ಕಡೀದು ಭಾಳ ದೂರ ಬಿತ್ತು. ಅವ ಕುಂಟಿಕೊಂತ ಹೊಂಟಿದ್ದ. ಮೆಡಲ್ ಹೋಗತೈತಿ ಅಂತ ಗೊತ್ತಿತ್ತು. ನೋಡಾಕ ಆಗಲಿಲ್ಲ ಯಪ್ಪಾ."

"ಅವ ಏನಂದ?"

"ಅವನ ಮಾತು ನಂಗ ತಿಳೀಲಿಲ್ಲ. ಬೆನ್ನು ತಟ್ಟಿದ."

ಅಜ್ಜ ತೊಡೆ ಹಿಡಿದು ಎದ್ದ. ಗೂಡಿನಲ್ಲಿದ್ದ ಭಂಡಾರದ ಚೀಲ ತೆಗೆದ. ಊರವರಿಗೆಲ್ಲ ಚಿಟಿಕೆಯಲ್ಲಿ ಹಚ್ಚುತ್ತಿದ್ದವನು ಅವತ್ತು ಮುಷ್ಟಿ ತುಂಬ ತೆಗೆದು ಮಗನ ಹಣೆಗೆ ಬಳಿದ. ಹುಬ್ಬು, ಮೂಗು, ಮೀಸೆ ಎಲ್ಲ ಹಳದಿಯಾಯಿತು. ಅಷ್ಟೆತ್ತರದ ನಮ್ಮ ಮಾವ ಬಿಕ್ಕಿ ಬಿಕ್ಕಿ ಅಳತೊಡಗಿದ.

"ಕಣ್ಣಾಗ ಬಿತ್ತು ಯಪ್ಪಾ" ಅಂದ.

"ಬೀಳ್ಲಿ. ಸುಮ್ನ ನಿಂದ್ರು" ಅಂದ ಅಜ್ಜ. ಇನ್ನೊಂದು ಮುಷ್ಟಿ ತೆಗೆದ.