ಏಳನೇ ಮಂಚದ ಗಂಗಮ್ಮ

ತೆಂಗಿನ ತೋಟದಲ್ಲಿ ಬೆಳೆದವರಿಗೆ ಒಂದು ಕೆಟ್ಟ ಚಾಳಿ ಇರುತ್ತದೆ: ಎಲ್ಲವನ್ನೂ ಸಾಲು ಹಿಡಿದು ಗುರುತಿಡುವುದು. ನಮ್ಮಪ್ಪನಿಗೆ ತಮ್ಮನ ಮಕ್ಕಳ ಹೆಸರು ತಡವರಿಸುತ್ತದೆ. ಆದರೆ "ಮೂರನೇ ಸಾಲಿನ ಐದನೇ ಮರ" ಅಂದರೆ ಸಾಕು, ಅದರ ಕಾಯಿಯ ಗಾತ್ರ, ಎಳನೀರಿನ ರುಚಿ, ಅದಕ್ಕೆ ನುಸಿ ಬಿದ್ದ ವರ್ಷ ಎಲ್ಲವನ್ನೂ ಕಣ್ಣು ಮುಚ್ಚಿ ಒಪ್ಪಿಸುತ್ತಾರೆ. ನಾನು ತಿಪಟೂರಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸ್. (ಗಂಡು ನರ್ಸು ಅಂತ ನಗುವವರು ಈಗಲೇ ನಕ್ಕು ಮುಗಿಸಿ, ಮುಂದೆ ನಗಲು ಬೇರೆ ಕಾರಣ ಕೊಡುತ್ತೇನೆ.) ಅಪ್ಪನ ವಿದ್ಯೆಯನ್ನು ನಾನು ವಾರ್ಡಿಗೂ ತಂದಿದ್ದೆ. ನನ್ನ ಪಾಲಿಗೆ ರೋಗಿಗಳೆಲ್ಲ ಮಂಚದ ನಂಬರುಗಳೇ. ಮರ ತಾನಾಗಿ ಎದ್ದು ಹೋಗಿ ಪಕ್ಕದ ಗುಣಿಯಲ್ಲಿ ನಿಲ್ಲುವುದಿಲ್ಲ, ಮನುಷ್ಯರು ನಿಲ್ಲುತ್ತಾರೆ ಅನ್ನುವುದು ಮಾತ್ರ ಹೊಳೆದಿರಲಿಲ್ಲ.

ನನ್ನ ಇನ್ನೊಂದು ಚಾಳಿ ಮಿಮಿಕ್ರಿ. ನಮ್ಮ ಡಾಕ್ಟರು ಮೂರು ಸಲ ಕೆಮ್ಮಿ "ಏನ್ರೀ ಇದು, ಆಸ್ಪತ್ರೆನೋ ಸಂತೆನೋ?" ಅನ್ನುವುದನ್ನು ನಾನು ಅವರಿಗಿಂತ ಚೆನ್ನಾಗಿ ಅನ್ನುತ್ತೇನೆ. ಈ ಡಾಕ್ಟರೇ ಒಂದು ನೋಟ್‌ಬುಕ್ ತಂದು ನಮ್ಮ ಮೇಜಿನ ಮೇಲಿಟ್ಟಿದ್ದರು. ಕೂದಲೆಳೆಯಲ್ಲಿ ತಪ್ಪಿದ ಅನಾಹುತಗಳನ್ನು ಅದರಲ್ಲಿ ಬರೆಯಬೇಕು, ಬರೆದವರನ್ನು ಯಾರೂ ಬೈಯುವುದಿಲ್ಲ ಅಂತ ಚೀಟಿ ಬರೆದು ಗೋಡೆಗೆ ಅಂಟಿಸಿ, ಗಟ್ಟಿಯಾಗಿ ಸಾರಿಯೂ ಇದ್ದರು. "ಬೈಯಲ್ಲ ಅನ್ನೋದನ್ನೂ ಬೈದಂಗೇ ಹೇಳಿದ್ರಲ್ಲ" ಅಂದರು ನಮ್ಮ ಹಿರಿಯ ನರ್ಸ್ ಶಾಹಿದಾ ಸಿಸ್ಟರ್. ರೋಗಿಗಳು ಸುರಕ್ಷಿತವಾಗಿರಬೇಕು ಅನ್ನುವುದರಲ್ಲಿ ನಮಗ್ಯಾರಿಗೂ ಎರಡು ಮಾತಿಲ್ಲ. ಆದರೆ ಮೊದಲು ಬರೆಯುವವರು ನಾವಾಗಬಾರದು ಅನ್ನುವುದರಲ್ಲೂ ಎರಡು ಮಾತಿರಲಿಲ್ಲ. ನೋಟ್‌ಬುಕ್ಕು ತಿಂಗಳುಗಟ್ಟಲೆ ಬೆಳ್ಳಗೆ ಹೊಳೆಯುತ್ತಾ ಮಲಗಿತ್ತು. ಅದನ್ನು ನೋಡಿದರೆ ಇಡೀ ಜಿಲ್ಲೆಯಲ್ಲಿ ತಪ್ಪೇ ಮಾಡದವರು ನಾವೇ.

ಅವತ್ತು ಊಟದ ಹೊತ್ತು ಹತ್ತಿರವಾಗಿತ್ತು. ಕಿಟಕಿಯಾಚೆಯ ತೆಂಗಿನಮರದ ಗರಿಯ ನೆರಳು ಬಿಳಿ ಹೊದಿಕೆಗಳ ಮೇಲೆ ಹಾಯಾಗಿ ಈಜುತ್ತಿತ್ತು. ಫ್ಯಾನು ಯಾವುದೋ ಹಳೆಯ ಜೋಗುಳ ಗುನುಗುತ್ತಿದ್ದ ಹಾಗಿತ್ತು. ವಾರ್ಡು ವಾರ್ಡೇ ನೆಲ ಬಿಟ್ಟು ಮೇಲೆದ್ದು, ಬೆಳ್ಳನೆಯ ದೋಣಿಯ ಹಾಗೆ ನಮ್ಮ ತೋಟದ ಕಡೆಗೆ ತೇಲುತ್ತಿದೆ ಅನ್ನಿಸಿತು. ನಾನು ಆ ತೇಲಾಟದಲ್ಲೇ ಇನ್ಸುಲಿನ್ ಸೂಜಿ ಹಿಡಿದು ಏಳನೇ ಮಂಚಕ್ಕೆ ಹೋದೆ. ಏಳನೇ ಮಂಚ ಅಂದರೆ ಹಾಲ್ಕುರಿಕೆಯ ಗಂಗಮ್ಮ, ಸಕ್ಕರೆ ಕಾಯಿಲೆ.

"ಗಂಗಮ್ಮೋರು ತಾನೇ?"

"ಹೂಂ ಕಣಪ್ಪ."

ತೋಳು ಒರೆಸಿ ಸೂಜಿ ತಾಗಿಸಬೇಕು, ಅಷ್ಟರಲ್ಲಿ ಕಿಟಕಿ ಪಕ್ಕದ ಎಂಟನೇ ಮಂಚದಿಂದ ಕೂಗು ಬಂತು: "ಲೋ ಲೋ, ಅದು ನಂದು ಕಣಪ್ಪ! ನನ್ ಸೂಜಿನ ಅವಳಿಗ್ಯಾಕೆ ಹಾಕ್ತೀಯ?"

ದೋಣಿ ದಡಕ್ಕನೆ ನೆಲಕ್ಕೆ ಬಿತ್ತು. ಕೂಗಿದ್ದು ಅಸಲಿ ಗಂಗಮ್ಮ. ನನ್ನ ಮುಂದೆ ತೋಳು ಚಾಚಿದ್ದವರು ಕಾಲಿನ ಗಾಯಕ್ಕೆ ಸೇರಿದ್ದ ನೊಣವಿನಕೆರೆಯ ಪುಟ್ಟತಾಯಮ್ಮ. ಸಕ್ಕರೆ ಕಾಯಿಲೆ ಅವರ ಹತ್ತಿರಕ್ಕೂ ಸುಳಿದಿರಲಿಲ್ಲ. ಆ ಮದ್ದು ಒಳಗೆ ಹೋಗಿದ್ದರೆ ಅವರ ಸಕ್ಕರೆ ಪಾತಾಳಕ್ಕಿಳಿದು, ಜೀವಕ್ಕೇ ಕುತ್ತಾಗುತ್ತಿತ್ತು. ಗಂಗಮ್ಮನಿಗೆ ಮರ ನೋಡುವ ಆಸೆಯಾಗಿ ಇಬ್ಬರೂ ಜಾಗ ಬದಲಾಯಿಸಿಕೊಂಡಿದ್ದರಂತೆ. "ಈ ಮರಕ್ಕೆ ಯಾರೂ ಗೊಬ್ರ ಹಾಕಿಲ್ಲ ಬುಡು" ಅನ್ನುವ ತೀರ್ಮಾನಕ್ಕೂ ಬಂದಾಗಿತ್ತು.

"ಅಲ್ಲಮ್ಮ, ನೀವ್ಯಾಕೆ ಹೂಂ ಅಂದ್ರಿ?" ಅಂದೆ ಸೂಜಿ ಹಿಂದಕ್ಕೆಳೆದುಕೊಂಡು.

ಪುಟ್ಟತಾಯಮ್ಮ ಅಂದರು: "ಅಷ್ಟು ಮುದ್ದಾಗಿ ಗಂಗಮ್ಮ ಅಂತ ಕರದೆ. ಇಲ್ಲ ಅಂದ್ರೆ ನೊಂದ್ಕೋತೀಯೇನೋ ಅಂತ ಸುಮ್ಕಾದೆ ಮಗ."

ಸರಿಯಾದ ತೋಳಿಗೆ ಸೂಜಿ ಹಾಕಿ ಬಂದು ನೋಟ್‌ಬುಕ್ಕಿನ ಮುಂದೆ ಕೂತೆ. ಬರೆದರೆ ಮೊದಲ ಪುಟದ ಮೊದಲ ಅಪರಾಧಿ ನಾನೇ, ಕೆಲಸ ಬೇರೆ ಇನ್ನೂ ಕಾಯಂ ಆಗಿಲ್ಲ. ಬರೆಯದಿದ್ದರೆ ನಾಳೆ ಇನ್ಯಾರೋ ಸಾಲು ಎಣಿಸಿಕೊಂಡು ಏಳನೇ ಮಂಚಕ್ಕೆ ಬರುತ್ತಾರೆ, ಎಂಟನೆಯವರು ಆಗ ನಿದ್ದೆ ಮಾಡುತ್ತಿರಬಹುದು. ಯೋಚಿಸುತ್ತಾ ಯೋಚಿಸುತ್ತಾ ಗಂಟಲು ತಾನಾಗಿ ಡಾಕ್ಟರ ದನಿಗೆ ತಿರುಗಿತು. ಮೂರು ಸಲ ಕೆಮ್ಮಿ, "ಏನ್ರೀ ಇದು, ಇವರು ರೋಗಿಗಳೋ ತೆಂಗಿನಮರಗಳೋ? ನಿಮ್ಮನ್ನ ನರ್ಸ್ ಮಾಡಿದವರ್ಯಾರ್ರೀ?" ಅಂತ ನನ್ನನ್ನು ನಾನೇ ಚೆನ್ನಾಗಿ ಉಗಿದುಕೊಂಡೆ. ತಿರುಗಿದರೆ ಬಾಗಿಲಲ್ಲಿ ಶಾಹಿದಾ ಸಿಸ್ಟರ್.

"ಡಾಕ್ಟ್ರು ಬೈಯೋದೂ ಮುಗೀತಲ್ಲಪ್ಪ, ಇನ್ನೇನು ಹೆದ್ರಿಕೆ? ಬರಿ" ಅಂದರು.

ಬರೆದೆ. ಡಾಕ್ಟರು ಓದಿ, ಮೂರು ಸಲ ಕೆಮ್ಮಿ, ಬೈಯಲು ಬಾಯಿ ತೆರೆದವರು ಗೋಡೆಯ ಮೇಲಿದ್ದ ತಮ್ಮದೇ ಮಾತಿನ ಚೀಟಿ ನೋಡಿ ಮುಚ್ಚಿಕೊಂಡರು. ಆಮೇಲೆ, "ಹೆಸರು ನೀವು ಹೇಳ್ಬೇಡ್ರೀ, ಅವರ ಬಾಯಲ್ಲಿ ಹೇಳಿಸಿ" ಅಂದರು. ಅವತ್ತು ಸಂಜೆಯೊಳಗೆ ನೋಟ್‌ಬುಕ್ಕಿನಲ್ಲಿ ನನ್ನ ಬರಹದ ಕೆಳಗೆ ಇನ್ನೂ ಎರಡು ತಪ್ಪುಗಳು ಸೇರಿದ್ದವು. ಅದರಲ್ಲಿ ಒಂದು ಶಾಹಿದಾ ಸಿಸ್ಟರದು, ಹಳೆಯದು, ಪಾಪ, ಎಷ್ಟು ದಿನ ಹೊತ್ತುಕೊಂಡಿದ್ದರೋ.

ಮರುದಿನ ಶಿಸ್ತಾಗಿ ವಾರ್ಡಿಗೆ ಹೋಗಿ, "ನಿಮ್ಮ ಹೆಸರು ಹೇಳೀಮ್ಮ" ಅಂದೆ. ಪುಟ್ಟತಾಯಮ್ಮ ಹೆಸರು ಹೇಳುವ ಬದಲು ಅರೆಗಣ್ಣು ಮುಚ್ಚಿ, ಕತ್ತು ವಾಲಿಸಿ, ಮೂಗಿನಲ್ಲಿ ರಾಗ ಎಳೆದರು: "ಗಂಗಮ್ಮೋರೂ ತಾನೇಏ?" ವಾರ್ಡಿಗೆ ವಾರ್ಡೇ ಹೊಟ್ಟೆ ಹಿಡಿದು ನಕ್ಕಿತು. ನಾನೂ ಎಲ್ಲರ ಜೊತೆ ಮನಸಾರೆ ನಕ್ಕು, ಪಕ್ಕದಲ್ಲಿದ್ದ ಶಾಹಿದಾ ಸಿಸ್ಟರನ್ನು ಮೆಲ್ಲಗೆ ಕೇಳಿದೆ: "ಬಲೇ ಚೆನ್ನಾಗ್ ಮಾಡ್ತಾರೆ ಸಿಸ್ಟರ್. ಆದ್ರೆ ಯಾರ್ ದನಿ ಅದು?"