ಹಡಗಿನ ಮೇಲೆ ಕಾಕಾ ಹೂ ಕೇಳಿದ್ದು

ನಮ್ಮ ಕಾಕಾನಷ್ಟು ಧೈರ್ಯವಂತ ಬೈಲಹೊಂಗಲದಲ್ಲಿ ಮತ್ತೊಬ್ಬನಿರಲಿಲ್ಲ. ಆದರೆ ಆ ಧೈರ್ಯವನ್ನು ಎಡಗಡೆ ತೋರಿಸಬೇಕೋ ಬಲಗಡೆ ತೋರಿಸಬೇಕೋ ಎಂಬುದು ಮಾತ್ರ ಆತನಿಗೆ ಕೊನೆತನಕ ಗೊತ್ತಾಗಲಿಲ್ಲ! ಅರಳೆಯ ವ್ಯಾಪಾರಿ, ಆರಡಿ ಆಳು, ಗಿರಿಜಾ ಮೀಸೆ. ಅಂಗಿಯ ಒಳಜೇಬಿನಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಎಲ್ಲಮ್ಮನ ಹಿತ್ತಾಳೆ ಮೂರ್ತಿ. ಏನೇ ನಿರ್ಧಾರ ಮಾಡಬೇಕಾದರೂ ಮೂರ್ತಿಯನ್ನು ಮುಂದಿಟ್ಟು, ಹೂವಿನ ಎರಡು ಎಸಳು ನೀರಲ್ಲಿ ಅದ್ದಿ ಅದರ ಎರಡೂ ಭುಜಕ್ಕೆ ಅಂಟಿಸಿ, ಕೈಮುಗಿದು ಕೂಡುತ್ತಿದ್ದ. ಬಲದ ಎಸಳು ಮೊದಲು ಬಿದ್ದರೆ ಹೂಂ, ಎಡದ್ದು ಬಿದ್ದರೆ ಉಹೂಂ. ಲಗ್ನಕ್ಕೆ, ಬಾವಿ ತೋಡಲಿಕ್ಕೆ ನಮ್ಮ ಕಡೆ ಎಲ್ಲರೂ ಹೂ ಕೇಳುತ್ತಾರೆ, ಅದೇನು ದೊಡ್ಡ ಮಾತಲ್ಲ. ಆದರೆ ಕ್ಷೌರಕ್ಕೆ ಯಾರಾದರೂ ಕೇಳುತ್ತಾರೆಯೇ? ಕಾಕಾ ಕೇಳುತ್ತಿದ್ದ! ಒಮ್ಮೆ ಅರ್ಧ ಗಡ್ಡ ಹೆರೆಸಿದ ಮೇಲೆ ಸಂಶಯ ಬಂದು ಮತ್ತೆ ಕೇಳಿದ, ಎಡದ್ದು ಬಿತ್ತು. ಎರಡು ದಿನ ಪೇಟೆಯಲ್ಲಿ ಹಾಗೇ ಅಡ್ಡಾಡಿದ.

"ನನ್ನ ನೋಡಾಕ ಬಂದಾಗೂ ಕೇಳಿದ್ರಂತ," ಎನ್ನುತ್ತಿದ್ದಳು ಕಾಕಿ. "ಎರಡ ಸಲ ಬ್ಯಾಡ ಅಂದ್ಲಂತ ಎಲ್ಲಮ್ಮ. ಮೂರನೇ ಸಲಕ್ಕ ಆಕೀಗೇ ಬ್ಯಾಸರಾತು."

ಇಂಥ ಕಾಕಿಯ ಕಣ್ಣು ಮಂಜಾದವು. ನಾನು ಸಾಲಿ ಮಾಸ್ತರ, ನಾಲ್ಕಕ್ಷರ ಇಂಗ್ಲಿಷ್ ಬರುತ್ತದೆಂದು ಕಾಕಾ ನನ್ನನ್ನೂ ಕಟ್ಟಿಕೊಂಡು ಆಕೆಯನ್ನು ಮುಂಬಯಿಗೆ ಕರೆದುಕೊಂಡು ಹೋದ. ಡಾಕ್ಟರು ದೀಪ ಹಿಡಿದು ನೋಡಿ, ಒಂದು ಕಣ್ಣು ಹೋಗಿದೆ, ಇನ್ನೊಂದು ದಿನದಿನಕ್ಕೆ ಹೋಗುತ್ತಿದೆ, ಔಷಧವಿಲ್ಲ ಎಂದರು. ಕಾಕಿ ಅಳಲಿಲ್ಲ. ಮಗಳ ಬಾಣಂತನ ಕಾರವಾರದ ಅತ್ತೆಮನೆಯಲ್ಲೇ ಆಗಿತ್ತು. "ಆ ಕೂಸಿನ ಮಾರಿ ಒಮ್ಮೆ ನೋಡಿಬಿಡತೇನಿ. ಆಮ್ಯಾಲೆ ಕತ್ತಲಾದ್ರ ಆಗಲಿ," ಎಂದಳು. ಅಂದೇ ಕಾರವಾರದ ಹಡಗು ಹತ್ತಿದೆವು.

ಮರುದಿನ ಬೆಳಗ್ಗೆ ಹಡಗು ಫರಂಗಿಯವರ ಮುರಗಾಂವ ಬಂದರದಲ್ಲಿ ನಿಂತಿತು. ದೀಪ ಹಚ್ಚುವ ಹೊತ್ತಿನತನಕ ಸರಕು ಇಳಿಸುವುದಿದೆ, ತಿರುಗಾಡಿ ಬರುವವರು ಬರಬಹುದು ಎಂದರು. ರೈಲಿನ ತಿರುಗಾಟ ಎರಡಿದ್ದವು. ತೆಂಗಿನ ತೋಪಿನೊಳಗೆ ಮಡಗಾಂವದತನಕ ಹೋಗಿ ಮಧ್ಯಾಹ್ನಕ್ಕೆ ಮರಳುವುದೊಂದು. ಬೆಟ್ಟ ಕೊರೆದು ಮಾಡಿದ ದಾರಿಯಲ್ಲಿ ಘಟ್ಟ ಹತ್ತಿ, ದೂಧಸಾಗರದ ನೀರು ಬೀಳುವಲ್ಲಿ ಹಾಯ್ದು ಹೋಗುವುದು ಇನ್ನೊಂದು. ಕಾಕಾನಿಗೆ ಹುರುಪು ಬಂತು. "ಅಕೀಗೆ ಕಣ್ಣ ಇರೂದ್ರಾಗ ಒಂದ ಛಲೋ ನೋಟ ತೋರಸೂಣು!" ಆದರೆ ಎರಡರಲ್ಲಿ ಯಾವುದು? ಮೂರ್ತಿ ಜೇಬಿನಿಂದ ಹೊರಗೆ ಬಂತು!

ನಿಂತ ಹಡಗೂ ತೂಗುತ್ತದೆ ಎಂಬುದು ಎರೆಮಣ್ಣಿನಲ್ಲಿ ಬೆಳೆದವರಿಗೆ ಹೇಗೆ ಗೊತ್ತಾಗಬೇಕು? "ಘಟ್ಟಕ್ಕ ಹೋಗೂಣೇನವ್ವಾ?" ಎಂದ ಕಾಕಾ. ಹಡಗು ಬಲಕ್ಕೆ ವಾಲಿತು, ಬಲದ ಎಸಳು ಬಿತ್ತು. ಹೂಂ! ಸಂಶಯ ಬಂತು. "ಘಟ್ಟಕ್ಕ ಹೋಗೂದು ಬ್ಯಾಡೇನವ್ವಾ?" ಹಡಗು ಮತ್ತೆ ಬಲಕ್ಕೆ ವಾಲಿತು. ಅದಕ್ಕೂ ಹೂಂ! ಮೂರನೇ ಸಲ ಎರಡೂ ಎಸಳು ಹಾರಿ, ಪಕ್ಕದಲ್ಲಿದ್ದ ಸವದತ್ತಿಯ ಬಳೆ ವ್ಯಾಪಾರಿ ಸಾಹೇಬರ ಎಲೆಯಡಿಕೆ ಚಂಚಿಯೊಳಗೆ ಬಿದ್ದವು.

"ಸಾವಕಾರ್ರ, ನಿಮ್ಮವ್ವ ನನ್ನ ಕೇಳಂತಾಳ," ಸಾಹೇಬರು ನಕ್ಕರು. "ಘಟ್ಟಕ್ಕ ಹೋಗ್ರಿ. ಆದ್ರ ಆ ರೈಲು ಹಂಗ ಮುಂದ ಹೋದ್ರ ಲೋಂಡಾ ಬರತೈತಿ. ನಿಮ್ಮೂರಿಂದ ಎರಡ ದಿನದ ಹಾದಿ. ಅಷ್ಟಕ್ಕ ಮುಂಬಯಿ ಸುತ್ತಿ, ಸಮುದ್ರದ ಮ್ಯಾಲಿಂದ ಬಂದೀರಲ್ಲರಿ!"

ಕಾಕಾ ಸೋಲುತ್ತಾನೆಯೇ? "ಸಾಹೇಬ್ರ, ಆ ಕಡಿಂದ ಹೋದ್ರ ನೀರಿನ ಬೆನ್ನ ಕಾಣತೈತಿ. ಈ ಕಡಿಂದ ಹೋದ್ರ ಮಾರಿ ಕಾಣತೈತಿ!"

ಅಂತೂ ಘಟ್ಟದ ರೈಲು ಹತ್ತಿದೆವು. ಅಲ್ಲಿ ಇನ್ನೊಂದು ಗೊಂದಲ: ನೀರು ಯಾವ ಕಿಟಕಿಗೆ ಕಾಣುತ್ತದೆ? ದೇವಿ ಬಲ ಎಂದಳು. ಆದರೆ ದೇವಿ ನಮ್ಮೆದುರು ಕೂತಿದ್ದಾಳೆ, ಆಕೆಯ ಬಲ ನಮ್ಮ ಎಡವಲ್ಲವೇ? ಅಥವಾ ರೈಲಿನ ಬಲವೋ? ಒಂದೊಂದು ಸ್ಟೇಶನ್ನಿಗೂ ಕಾಕಾ ಹೊಸ ಅರ್ಥ ಹಚ್ಚಿ, ಕಾಕಿಯನ್ನೂ ಗಂಟುಮೂಟೆಯನ್ನೂ ನನ್ನನ್ನೂ ಆ ಕಿಟಕಿಯಿಂದ ಈ ಕಿಟಕಿಗೆ ಸಾಗಿಸಿದ.

"ನೀರ ನೋಡೂದ್ರಾಗ ನಾ ಮತ್ತ ಮುಂಬಯಿಗೆ ನಡಕೊಂತ ಹೋಗಿ ಬಂದಷ್ಟಾತು," ಎಂದಳು ಕಾಕಿ.

ಘಟ್ಟದ ಬುಡದ ಸ್ಟೇಶನ್ನಿನಲ್ಲಿ ರೈಲು ಬಹಳ ಹೊತ್ತು ನಿಂತಿತು. ನಾನು ಗಾರ್ಡನನ್ನು ವಿಚಾರಿಸಿದೆ. ಆತ ಹೇಳಿದ್ದನ್ನು ಓಡಿಬಂದು ಕಾಕಾನಿಗೆ ಹೇಳಿದೆ. ಮೇಲೆ ಹೋದವರು ಬಂದರಕ್ಕೆ ಮರಳುವುದು ನಾಳೆ! ಕೆಳಗೆ ಹೋಗುವ ಇವತ್ತಿನ ಕೊನೆಯ ರೈಲು ಅಗೋ, ಎದುರಿನ ಹಳಿಯ ಮೇಲೆ ಸೀಟಿ ಹೊಡೆಯುತ್ತಿತ್ತು. ಕಾರವಾರಕ್ಕೆ ಮುಂದಿನ ಹಡಗು ಎಂಟು ದಿನಕ್ಕೆ. ಆ ಎಂಟು ದಿನ ಕಾಕಿಯ ಕಣ್ಣು ಕಾಯುತ್ತದೆಂದು ಯಾರು ಹೇಳಬೇಕು? ನಾನು ಕಾಕಾನ ಜೇಬನ್ನೇ ನೋಡಿದೆ. ಈಗ ಹೂ ಕೇಳಲು ಕೂತನೆಂದರೆ ಮುಗಿಯಿತು ಕಥೆ!

ಕಾಕಾ ಜೇಬಿಗೆ ಕೈ ಹಾಕಲಿಲ್ಲ. ಕಾಕಿಯನ್ನು ಎರಡೂ ಕೈಯಿಂದ ಎತ್ತಿ ಕೆಳಗಿಳಿಸಿ, ಹಳಿ ದಾಟಿಸಿ, ಎದುರಿನ ಡಬ್ಬಿಯೊಳಗೆ ಕೂಡಿಸಿಯೇ ಬಿಟ್ಟ. ಗಂಟು ಹೊತ್ತುಕೊಂಡು ನಾನು ಹಿಂದೆ ಓಡಿದೆ.

"ನೀರು?" ಎಂದಳು ಕಾಕಿ ಏದುಸಿರು ಬಿಡುತ್ತ.

"ನೀರ ಎಲ್ಲಿ ಹೊಕ್ಕೈತಿ? ಬೀಳತಿರತೈತಿ. ಕೂಸಿನ ಕಡೆ ನಡಿ."

ಹಡಗು ಸಿಕ್ಕಿತು. ಮರುದಿನ ಕಾರವಾರದಲ್ಲಿ ಬೀಗರ ಪಡಸಾಲೆಯಲ್ಲಿ, ಬಿಸಿಲು ಬೀಳುವ ಬಾಗಿಲ ಹತ್ತಿರ, ಕಾಕಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ಮೂಗಿಗೆ ಮೂಗು ತಾಗುವಷ್ಟು ಬಾಗಿ ಹಣೆ, ಹುಬ್ಬು, ತುಟಿ ಒಂದೊಂದನ್ನೇ ನೋಡಿದಳು. "ಹುಬ್ಬ ನನ್ನೂವ. ಕಿವಿ ನಿಮ್ಮ ಕಾಕಾನೂವ, ಮೊರದಷ್ಟ ಅದಾವ," ಎಂದು ನಕ್ಕಳು. ಮತ್ತೆ ಮೊದಲಿನಿಂದ ನೋಡಲು ಹತ್ತಿದಳು.

ಕಾಕಾ ಕಂಬಕ್ಕೆ ಒರಗಿ ನಿಂತಿದ್ದ. ಮಗಳು ಎರಡು ಸಲ ಕರೆದರೂ ಕೂಸಿನ ಹತ್ತಿರ ಬರಲಿಲ್ಲ. ನಾನೇ ಹೋಗಿ ಕೇಳಿದೆ, "ಯಾಕ್ರಿ ಕಾಕಾ, ಮೊಮ್ಮಗಳನ್ನ ನೋಡೂದಿಲ್ಲೇನ್ರಿ?"

ಕಾಕಾ ಕಣ್ಣು ಕದಲಿಸಲಿಲ್ಲ.

"ಸುಮ್ನಿರೋ ತಮ್ಮಾ. ಕೂಸನ್ನ ನಾ ನಾಳೆ ನೋಡತೇನಿ, ನಾಡದ ನೋಡತೇನಿ. ಅಕಿ ನೋಡೂದನ್ನ ಮತ್ತ ಯಾವಾಗ ನೋಡಲಿ?"