ಪಂಚನಾಮೆಯ ಜಾಗಕ್ಕೂ ಚೌಕಾಸಿ

ಚೌಕಾಸಿ ಮಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬದನೆಕಾಯಿಗೆ ಮಾಡಲಿ, ಸೀರೆಗೆ ಮಾಡಲಿ, ಬೇಡವೆನ್ನುವುದಿಲ್ಲ. ಕಂಪ್ಯೂಟರಿನ ಮೆಮೊರಿಗೂ ಚೌಕಾಸಿಯೇ? ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಲಾರಿಗಳ ತೂಕ ದಾಖಲಿಸುವ ಹಳೆಯ ಸರ್ವರನ್ನು ನೋಡಿಕೊಳ್ಳುವವನು ನಾನು. ಅದು ಆಗಾಗ ದಬಕ್ಕನೆ ಬೀಳುತ್ತದೆ. ಬಿದ್ದಾಗ ಎಚ್ಚರಗೊಂಡು, ಬಿದ್ದದ್ದು ಹೇಗೆಂದು ಡಿಸ್ಕಿಗೆ ಬರೆದಿಡಲು ಇನ್ನೊಂದು ಪುಟ್ಟ ಕರ್ನೆಲ್, ಎಂದರೆ ಯಂತ್ರ ನಡೆಸುವ ಮೂಲ ತಂತ್ರಾಂಶ, ಇರುತ್ತದೆ. ಪಂಚನಾಮೆ ಬರೆಯುವ ಪೊಲೀಸಪ್ಪ ಅಂದುಕೊಳ್ಳಿ. ಅವನು ಕೂತು ಬರೆಯಲು ಮೆಮೊರಿಯಲ್ಲಿ ಒಂದಿಷ್ಟು ಜಾಗವನ್ನು ಮೊದಲೇ ಕಾದಿರಿಸಬೇಕು. ಅರ್ಧ ಜಿಬಿ ಬೇಕೆಂದು ಮ್ಯಾನೇಜರ್ ಶರಣಪ್ಪನವರನ್ನು ಕೇಳಿದೆ. ಅವರು ಒಪ್ಪದೆ ಸರ್ವರನ್ನು ಮುಟ್ಟುವಂತಿಲ್ಲ.

ಶರಣಪ್ಪನವರದು ಚಂದಾಪುರದ ಬಟ್ಟೆ ಅಂಗಡಿಯ ಮನೆತನ. ಕೇಳಿದ್ದನ್ನು ಕೇಳಿದಷ್ಟೇ ಕೊಟ್ಟರೆ ಅವರಿಗೆ ಅಂದು ಊಟ ಸೇರುವುದಿಲ್ಲ.

"ಇಷ್ಟ ಜಾಗ ಸುಮ್ನ ಖಾಲಿ ಬಿಡಬೇಕಂತೀರಿ? ಇರೋದ ನಾಕ ಜಿಬಿ! ನೀವು ಕೇಳಿದ್ದರಾಗ ಅರ್ಧ ತಗೋರಿ, ಭಾಳ ಆಯ್ತು."

"ಸರ, ಅಷ್ಟರಾಗ ಅದಕ್ಕ ಬರೀಲಿಕ್ಕ ಆಗಂಗಿಲ್ರಿ."

"ಹೊಂದಿಸ್ಕೋತದ ಬಿಡ್ರಿ!"

ಹೊಂದಿಸಿಕೊಳ್ಳಲು ಅದೇನು ಅವರ ಅಂಗಡಿಯ ಲುಂಗಿಯೇ?

ಮುಂದಿನ ವಾರವೇ ಸರ್ವರ್ ಬಿತ್ತು. ಪುಟ್ಟ ಕರ್ನೆಲ್ ಎದ್ದಿತು, ಜಾಗ ಸಾಲದೆ ಒಂದಕ್ಷರವನ್ನೂ ಬರೆಯದೆ ತಾನೂ ಸತ್ತಿತು. ಗೇಟಿನಿಂದ ವಾಡಿ ರಸ್ತೆಯವರೆಗೆ ಲಾರಿಗಳು ನಿಂತವು. ಕಾರಣವೇನೆಂದು ಮೇಲಿನ ಸಾಹೇಬರು ಬಂದು ಕೇಳಿದರೆ ತೋರಿಸಲು ನನ್ನ ಬಳಿ ಏನಿತ್ತು, ಮಣ್ಣು? "ಇವರ ಏನರ ಒತ್ಯಾರ ನೋಡ್ರಿ," ಎಂದರು ಶರಣಪ್ಪನವರು, ನನ್ನ ಎದುರಿಗೇ! ಇನ್ನೊಮ್ಮೆ ದೂರು ಬಂದರೆ ನನ್ನನ್ನು ಕಲ್ಲುಗಣಿಯ ಗೇಟಿಗೆ ಹಾಕುವುದಾಗಿ ಸಾಹೇಬರು ಹೇಳಿಹೋದರು. ಆ ಧೂಳಿನಲ್ಲಿ ನನ್ನ ಉಬ್ಬಸದ ಎದೆ ಒಂದು ತಿಂಗಳೂ ತಾಳದು. ಸಿಟ್ಟಿಗೆ ಕಣ್ಣಲ್ಲಿ ನೀರೇ ಬಂತು.

ಈ ಸಲ ನಾನೂ ಜಾಣನಾದೆ. ಒಂದು ಜಿಬಿ ಕೇಳಿದೆ. ಅವರು ಅರ್ಧ ಕಡಿದರೆ ನನಗೆ ಬೇಕಾದಷ್ಟು ಉಳಿಯುತ್ತದಲ್ಲ! ಶರಣಪ್ಪನವರು ಕುರ್ಚಿಯಿಂದ ಎದ್ದು ನಿಂತರು.

"ಅವತ್ತ ನಿಮ್ಮ ಮಾತ ಕೇಳ್ಲಿಲ್ಲ, ನಂದ ತಪ್ಪಾತ್ರಿ. ಪೂರಾ ತಗೋರಿ," ಎಂದು ಕೈ ಮುಗಿದರು. ಕೈ ಮುಗಿದವರ ಮುಂದೆ ಅರ್ಧ ಸಾಕೆನ್ನಲು ನನಗೆ ನಾಲಿಗೆ ಏಳಲಿಲ್ಲ.

ಅಷ್ಟು ಜಾಗ ಕಳೆದುಕೊಂಡ ಸರ್ವರ್ ಈಗ ಬೀಳುತ್ತಿಲ್ಲ, ತೆವಳುತ್ತಿದೆ. "ಒಳಗ ಏನ್ ಮಾಡಾಕತ್ತೀರಿ, ಮಕ್ಕೊಂಡೀರೇನು?" ಎಂದು ಡ್ರೈವರುಗಳು ಕಿಟಕಿ ಬಡಿಯುತ್ತಾರೆ. ದೂರು ಹೋಗಿ, ನಿನ್ನೆ ಸಾಹೇಬರು ಮತ್ತೆ ಬಂದರು. ಗಣಿಯ ಮಾತೆತ್ತಿದ್ದೇ ತಡ, ಶರಣಪ್ಪನವರು ನನಗೆ ಅಡ್ಡ ನಿಂತರು.

"ಇವರನ್ನ ಕಳಸಬ್ಯಾಡ್ರಿ ಸಾಹೇಬ್ರ! ಬೇಕಾದಕ್ಕಿಂತ ಒಂದ ಚೂರ ಹೆಚ್ಚ ಕೇಳೋ ಮನಷ್ಯಾನ ಅಲ್ರಿ ಇವರು!"

ನನ್ನ ವರ್ಗಾವಣೆ ನಿಂತಿತು. ಇಷ್ಟು ದಿನ ನೆಮ್ಮದಿಯಾಗಿ ಬೈದುಕೊಳ್ಳಲು ನನಗೆ ಒಬ್ಬ ಮನುಷ್ಯನಾದರೂ ಇದ್ದ. ಈ ಶರಣಪ್ಪನವರು ಆ ಸುಖವನ್ನೂ ಕಸಿದುಕೊಂಡರಲ್ಲ!